ಕಿವಿ ಮುಟ್ಟದ ಕೈ

ಅಂಚೆ: ಮುರಗೋಡ, ತಾ. ಸವದತ್ತಿ
೨೧ ಜೂನ್ ೧೯೯೮, ರವಿವಾರ

ಚಿರಂಜೀವಿ ತಮ್ಮ ಸುಭಾಸನಿಗೆ,

ನಿನ್ನ ಅಕ್ಕ ಸಿದ್ದಲಿಂಗವ್ವ ಮಾಡುವ ಆಶೀರ್ವಾದ. ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದಿನ ಮಾತಿಗೆ ಹೋಗುವುದು ಪದ್ಧತಿ, ಬರೆದಿದ್ದೇನೆ. ಯಾರಿಗೂ ಜ್ವರವಿಲ್ಲ, ಎಮ್ಮೆ ಹಿಂಡುತ್ತಿದೆ, ಅವ್ವನ ಮೊಣಕಾಲು ಇದ್ದ ಹಾಗೇ ಇದೆ, ಅವ್ವನ ಬಾಯಿಯೂ ಇದ್ದ ಹಾಗೇ ಇದೆ. ನನಗೆ ಮಾತ್ರ ಈ ಬೇಸಿಗೆ ಸಾಕುಸಾಕಾಗಿ ಹೋಯಿತು.

ನಿನ್ನ ಎರಡು ಕಾಗದ ಬಂದು ದೇವರ ಜಗಲಿಯ ಮೇಲೆ ಕುಳಿತಿವೆ. ತಡವಾಯಿತು, ಸಿಟ್ಟಾಗಬೇಡ. ಎರಡರಲ್ಲೂ ನೀನು ಕೇಳಿದ್ದು ಒಂದೇ ಮಾತು, ಈ ವರ್ಷವಾದರೂ ಮಗಳು ಮಧುವಿನ ಹೆಸರು ಸಾಲೆಯಲ್ಲಿ ಹಚ್ಚಿದಿರಾ ಎಂದು. ಅದಕ್ಕೆ ಉತ್ತರ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆದರೆ ನೀನು ಆಸಾಮಿನ ಮಿಲಿಟರಿ ಪಲ್ಟಣಿನಲ್ಲಿ ಕುಳಿತು ಊಟ ಬಿಡುವವನು. ಗೊತ್ತಾದ ಮೇಲೆ ಬರೆದರಾಯಿತು ಎಂದು ಸುಮ್ಮನಿದ್ದೆ. ಈಗ ಗೊತ್ತಾಗಿದೆ. ಆದರೆ ಮೊದಲಿನಿಂದ ಹೇಳಬೇಕು, ನಡುವೆ ಹಾರಿ ಕೊನೆ ಓದಬೇಡ.

ರಾಚವ್ವ ಪಕ್ಕದಲ್ಲೇ ಜೋಳ ಹಸನು ಮಾಡುತ್ತ ಕುಳಿತಿದ್ದಾಳೆ. ಸಂಕ್ರಮಣಕ್ಕೆ ನೀನು ಬಂದು ಹೋದೆಯಲ್ಲ, ಈಗ ಅವಳಿಗೆ ಐದು ತಿಂಗಳು. "ಅವಗ ಏನ್ ಬರೀಲಿ?" ಎಂದು ಕೇಳಿದರೆ "ನಾ ಚೊಲೊ ಅದೇನಿ ಅಂತ ಬರೀರಿ ಅಕ್ಕಾ" ಎನ್ನುತ್ತಾಳೆ. ಮತ್ತೇನು ಎಂದರೆ "ಮತ್ತ ಅಷ್ಟರಿ" ಎನ್ನುತ್ತಾಳೆ. ಮದುವೆಯಾದಾಗಿನಿಂದ ನಿನ್ನ ಹೆಂಡತಿಯ ಕಾಗದ ನಾನೇ ಬರೆಯುತ್ತಿದ್ದೇನೆ, ಇದಕ್ಕಿಂತ ಹೆಚ್ಚು ಒಂದು ಸಾಲು ಅವಳ ಬಾಯಿಂದ ಬಿದ್ದಿಲ್ಲ. ಗಂಡನಿಗೆ ಹೇಳುವ ಮಾತನ್ನು ನಾದಿನಿಯ ಮುಂದೆ ಯಾವಳು ಹೇಳಿಯಾಳು? ಅದಕ್ಕೇ ನನ್ನ ಮಾತು ಹೆಚ್ಚಾಗುತ್ತದೆ, ಸಹಿಸಿಕೊ.

ಏಪ್ರಿಲ್ ತಿಂಗಳಲ್ಲಿ ನಮ್ಮ ಅಂಗನವಾಡಿಯ ಮುಂದೆ ಒಂದು ಜೀಪು ಬಂದು ನಿಂತಿತು. ಯಾವುದೋ ವೈದ್ಯಕೀಯ ಕಾಲೇಜಿನ ಡಾಕ್ಟರಬಾಯಿ, ಜೊತೆಗೆ ಇಬ್ಬರು ಹುಡುಗಿಯರು. ರಾಮದುರ್ಗದ ಕಡೆಯ ಹಳ್ಳಿಗಳನ್ನು ಮುಗಿಸಿಕೊಂಡು ಸವದತ್ತಿ ತಾಲೂಕಿಗೆ ಬಂದಿದ್ದರು. ಆರು ವರ್ಷದೊಳಗಿನ ಮಕ್ಕಳ ಎತ್ತರ ಅಳೆಯಬೇಕಂತೆ. ತಿಂಗಳಿಗೊಮ್ಮೆ ನಾನೇ ತೂಕ ಮಾಡುತ್ತೇನಲ್ಲ, ಮತ್ತೆ ಇದೇನು ಎಂದೆ. ಆಕೆ ತಾಳ್ಮೆಯವಳು, ಕುಳಿತು ಹೇಳಿದಳು. ತೂಕ ಒಂದು ಜ್ವರಕ್ಕೆ ಇಳಿಯುತ್ತದೆ, ಚೆನ್ನಾಗಿ ಉಂಡರೆ ಮತ್ತೆ ಏರುತ್ತದೆ. ಎತ್ತರ ಹಾಗಲ್ಲ. ಬಹಳ ದಿನ ಹೊಟ್ಟೆಗೆ ಕಡಿಮೆಯಾದರೆ, ಮೇಲಿಂದ ಮೇಲೆ ಭೇದಿಯಾದರೆ, ಎಲುಬು ಬೆಳೆಯುವುದೇ ನಿಧಾನವಾಗುತ್ತದೆ. ಮಗು ನೋಡಲು ಗುಂಡಗಿರುತ್ತದೆ, ನಗುತ್ತಿರುತ್ತದೆ, ಆದರೆ ವಯಸ್ಸಿಗೆ ತಕ್ಕ ಎತ್ತರ ಇರುವುದಿಲ್ಲ. ಅಂಥ ಮಕ್ಕಳು ನಮ್ಮ ತಕ್ಕಡಿಗೆ ಸಿಗುವುದಿಲ್ಲ ಎಂದಳು.

ಕಟ್ಟೆಯ ಮೇಲಿದ್ದ ಅಂದಾನೆಪ್ಪ ಕಾಕಾ ಸುಮ್ಮನಿರುವ ಜೀವವೇ? "ಅಳತಿ ಮಾಡಿದ್ರ ಬೆಳೀತಾವೇನ್ರಿ ಬಾಯಾರ, ಹುಡುಗ್ರು?" ಎಂದು ಕೇಳಿಬಿಟ್ಟ. ಆಕೆ ನಕ್ಕು ಜೀಪಿನಿಂದ ಅಳತೆಯ ಹಲಗೆ ಇಳಿಸಿದಳು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನ್ನ ಹೊಟ್ಟೆಯಲ್ಲೂ ಇತ್ತು. ಬಿಸಿಲು ಕೆಂಡದ ಹಾಗೆ, ಅಂಥದರಲ್ಲಿ ಆ ಉದ್ದನೆಯ ಹಲಗೆ ಹೊತ್ತುಕೊಂಡು ಮನೆ ಮನೆ ತಿರುಗುವುದು ನನ್ನ ಪಾಲಿಗೇ ಬಂತು. ಊರವರಿಗೆ ನನ್ನ ಮುಖ ಬೇಕು, ಜೀಪಿನವರ ಮುಖ ನೋಡಿದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ತೊಡಕು ವಯಸ್ಸಿನದು. ಎತ್ತರ ಅಳೆದರೆ ಮುಗಿಯಲಿಲ್ಲ, ವಯಸ್ಸು ಗೊತ್ತಿದ್ದರೆ ಮಾತ್ರ ಅದಕ್ಕೆ ಅರ್ಥ. ಈ ಊರಿನಲ್ಲಿ ವಯಸ್ಸು ಕೇಳಿದರೆ ತಾಯಂದಿರು ಏನು ಮಾಡುತ್ತಾರೆ ಹೇಳು? ಮಗುವಿನ ಕಡೆ ಒಮ್ಮೆ ತಿರುಗಿ ನೋಡುತ್ತಾರೆ. ನೋಡಿ, ಅಂದಾಜು ಕಟ್ಟಿ, "ಮೂರು ಇರಬೇಕ್ರಿ" ಎನ್ನುತ್ತಾರೆ. ಮಗು ಗಿಡ್ಡಗಿದ್ದರೆ ವಯಸ್ಸೂ ಗಿಡ್ಡವಾಗಿಬಿಡುತ್ತದೆ! ಹಾಗೆ ಬರೆದುಕೊಂಡರೆ ಊರಿನಲ್ಲಿ ಒಬ್ಬರೂ ಕುಳ್ಳರಿಲ್ಲ. ಡಾಕ್ಟರಬಾಯಿ ತಲೆ ಹಿಡಿದುಕೊಂಡಳು. ಕೊನೆಗೆ ಹಬ್ಬ ಹಿಡಿದು ಕೇಳಲು ಶುರು ಮಾಡಿದೆವು, ಹೆತ್ತಾಗ ಹೊಲದಲ್ಲಿ ಏನಿತ್ತು, ಸೀಗಿ ಹುಣ್ಣಿಮೆ ಮುಂದೋ ಹಿಂದೋ ಎಂದು. ರಾಯವ್ವನ ಮಗ ಮೂರರಿಂದ ಐದಕ್ಕೆ ಹಾರಿದ. "ಅಯ್ಯ ನನ್ನ ಶಿವನ, ಇಂವ ಅಷ್ಟ ದೊಡ್ಡಾಂವ ಆಗ್ಯಾನಾ?" ಎಂದು ಆಕೆ ಅವನನ್ನು ಹೊಸದಾಗಿ ಕಂಡವಳ ಹಾಗೆ ನೋಡುತ್ತ ನಿಂತಳು.

ಎರಡು ತುಂಬದ ಕೂಸುಗಳನ್ನು ನಿಲ್ಲಿಸಿ ಅಳೆಯಲು ಬರುವುದಿಲ್ಲ, ಹಲಗೆಯ ಮೇಲೆ ಮಲಗಿಸಬೇಕು. ಹುಸೇನಮಾ ನಿನಗೆ ಗೊತ್ತು, ಗಾಡಿ ಹೊಡೆಯುವ ಹಜರತಸಾಬನ ಹೆಂಡತಿ. ಹಲಗೆ ನೋಡಿದ್ದೇ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಮಲಗಿಸಿ ಅಳಿಯೂದು ನಮ್ಮಾಗ ಒಂದ ಸಲ ಅಕ್ಕಾ, ಅದೂ ಕಡೀಕ. ಈಗ ಬ್ಯಾಡ" ಎಂದಳು. ಹೆಣ ಅಳೆಯುವ ಮಾತೆಂದು ತಿಳಿದು ನಾನು ಹಲಗೆಯನ್ನು ಗೋಡೆಗೆ ಒರಗಿಸಿದೆ. ಡಾಕ್ಟರಬಾಯಿ ಒತ್ತಾಯ ಮಾಡಲಿಲ್ಲ, ಪಡಸಾಲೆಯಲ್ಲಿ ಕುಳಿತು ನೀರು ಕೇಳಿ ಕುಡಿದಳು, ಅದು ಇದು ಮಾತಾಡಿದಳು. ಆಮೇಲೆ ಹುಸೇನಮಾಳೇ ಹಲಗೆಯ ಮೇಲೆ ತನ್ನದೊಂದು ಹಳೆ ದುಪಟ್ಟಾ ಹಾಸಿ, ಕೂಸಿನ ತಲೆಯನ್ನು ತಾನೇ ಹಿಡಿಯುತ್ತೇನೆ, ಬೇರೆ ಯಾರೂ ಮುಟ್ಟಬಾರದು ಎಂದು ಹೇಳಿ ಮಲಗಿಸಿದಳು. ಕೂಸು ನಾಸಿರ ಅಳಲೂ ಇಲ್ಲ. ಅಳತೆ ಮುಗಿಯುವವರೆಗೆ ಆಕೆಯ ತುಟಿ ಅಲ್ಲಾಡುತ್ತಿತ್ತು.

ಎರಡು ದಿನದಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿ, ಹೆಂಗಸರು ಅದನ್ನು ಪರೀಕ್ಷೆ ಎಂದುಕೊಂಡುಬಿಟ್ಟರು. ಮಕ್ಕಳಿಗೆ ಹಿಮ್ಮಡ ಎತ್ತಿ ನಿಲ್ಲಲು ಕಲಿಸಿದರು. ಹೆಣ್ಣುಮಕ್ಕಳ ನೆತ್ತಿಯ ಮೇಲೆ ಜುಟ್ಟು ಕಟ್ಟಿ ಕಳಿಸಿದರು, ಅದನ್ನು ಬಿಚ್ಚುವುದೇ ಒಂದು ಕೆಲಸವಾಯಿತು. ನಿನ್ನ ಹೆಂಡತಿಯೇನು ಕಡಿಮೆಯೇ? ಮಧುವನ್ನು ಹಲಗೆಗೆ ಒರಗಿಸಿ ನಿಲ್ಲಿಸಿದರೆ ಅದು ಬೆರಳ ತುದಿಯ ಮೇಲೆ ನಿಂತಿತ್ತು, ಉಸಿರು ಬಿಗಿಹಿಡಿದು, ಕಣ್ಣು ಮೇಲೆ ಮಾಡಿ. ಜೊತೆಯ ಹುಡುಗಿ ಹಿಮ್ಮಡ ಒತ್ತಿ ಹಿಡಿದಾಗ "ಅತ್ತೀ, ಇಕಿ ನನ್ನ ಸಣ್ಣಾಕಿ ಮಾಡಾಕತ್ತಾಳ" ಎಂದು ನನ್ನ ಕಡೆ ನೋಡಿ ಅಳುಮುಖ ಮಾಡಿತು. ಎಲ್ಲರೂ ನಕ್ಕರು. ಅಳತೆ ಎಷ್ಟು ಬಂತು ಎಂದು ಮನೆಗೆ ಬಂದ ಮೇಲೆ ರಾಚವ್ವ ಕೇಳಿದಳು. ಬರೆದುಕೊಂಡು ಹೋಗಿದ್ದಾರೆ, ಲೆಕ್ಕ ಹಾಕಿ ಹೇಳುತ್ತಾರೆ ಎಂದೆ.

ಇನ್ನು ಸಾಲೆಯ ಮಾತು. ಹೋದ ವರ್ಷ ಮಧುವಿಗೆ ಐದು ತುಂಬಿತ್ತು, ನಿಜಗುಣಪ್ಪ ಮಾಸ್ತರರು ತಿರುಗಿ ಕಳಿಸಿದ್ದರು, ಅದು ನಿನಗೆ ಗೊತ್ತು. ಯಾಕೆ ಕಳಿಸಿದರೆಂದು ನೀನು ಕೇಳಿರಲಿಲ್ಲ, ನಾನೂ ಬರೆದಿರಲಿಲ್ಲ. ಅವರ ಮಾಪ ಹಳೆಯದೇ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ಇಯತ್ತೆ, ಮುಟ್ಟದಿದ್ದರೆ ಮನೆ. ನಿನ್ನನ್ನೂ ಹಾಗೆಯೇ ಸೇರಿಸಿದ್ದು, ನಿನಗೆ ನೆನಪಿಲ್ಲ. ನಿನ್ನ ಕೈ ಕಿವಿ ದಾಟಿ ಗಲ್ಲಕ್ಕೆ ಬಂದಿತ್ತೆಂದು ಅವ್ವ ಇಂದಿಗೂ ಹೇಳುತ್ತಾಳೆ.

ಈ ಸಲ ಬಸವ ಜಯಂತಿಗೆ ಮಧುವಿಗೆ ಆರು ತುಂಬಿತು. ಅಂದಿನಿಂದ ದಿನಾ ಬೆಳಿಗ್ಗೆ ರಾಚವ್ವ ಅದರ ಮುಖ ತೊಳೆದ ಮೇಲೆ ಕೈ ಎತ್ತಿಸಿ ಅಭ್ಯಾಸ ಮಾಡಿಸುತ್ತಿದ್ದಳು. ಮಧು ಜಾಣೆ, ತಲೆಯನ್ನು ಒಂದು ಕಡೆ ವಾಲಿಸಿದರೆ ಕಿವಿ ಹತ್ತಿರ ಬರುತ್ತದೆಂದು ತಾನೇ ಕಂಡುಕೊಂಡಿತು. ಬೈಲಹೊಂಗಲದಿಂದ ತರಿಸಿದ ಪಾಟಿ, ಬಣ್ಣದ ಚೀಲ, ಎಲ್ಲ ತಯಾರು. ಸಾಲೆ ತೆರೆದ ದಿನ ಎಣ್ಣೆ ಹಚ್ಚಿ ಹೆರಳು ಹಾಕಿ, ನಾನು ರಾಚವ್ವ ಇಬ್ಬರೂ ಕರೆದುಕೊಂಡು ಹೋದೆವು. ಈ ವರ್ಷವೂ ಹಿಂದಕ್ಕೆ ಕಳಿಸಿದರೆ ಮುಂದಿನ ವರ್ಷ ಮನೆಯಲ್ಲಿ ಕೂಸಿರುತ್ತದೆ, ತೊಟ್ಟಿಲು ತೂಗಲು ಮಧು ಇರಲಿ ಎಂದು ಅವ್ವ ಆಗಲೇ ಆಡಿಯಾಗಿತ್ತು. ಅಲ್ಲಿಗೆ ಸಾಲೆಯ ಮಾತು ಮುಗಿದಂತೆ. ಅದು ರಾಚವ್ವನಿಗೂ ಗೊತ್ತು, ನನಗೂ ಗೊತ್ತು.

ಮಾಸ್ತರರು ತಲೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದರು. "ಸೊಟ್ಟ ಮಾಡಬಾರದವ್ವಾ. ಈಗ ಮುಟ್ಟು" ಎಂದರು. ಮಧು ಕೈ ಎಳೆಯಿತು, ಎಳೆಯಿತು, ಮುಖ ಕೆಂಪಾಯಿತು. ಬೆರಳು ಕಿವಿಯ ಮೇಲೆ ಕೂದಲಲ್ಲೇ ನಿಂತವು.

"ಇನ್ನ ಒಂದ್ ವರ್ಷ ಆಡಲಿ ಬಿಡ್ರಿ ಅಕ್ಕೋರ" ಎಂದರು ನನಗೆ.

ನಾನು ಜಗಳಕ್ಕೇ ನಿಂತೆ. ಮೊದಲೇ ದಣಿದಿದ್ದೆ, ಮಾತು ನೆಟ್ಟಗೆ ಬರಲಿಲ್ಲ. ಹುಡುಗಿ ಹುಟ್ಟಿದ್ದು ಬಸವ ಜಯಂತಿಯ ಮರುದಿನ, ನೀವೇ ಪೇಡೆ ತಿಂದಿದ್ದೀರಿ, ಕೈ ಗಿಡ್ಡ ಇದ್ದರೆ ವಯಸ್ಸು ಗಿಡ್ಡ ಆಗುವುದಿಲ್ಲ ಎಂದೆ. ಅವರು ಕೆಟ್ಟವರಲ್ಲ ಸುಭಾಸ, ನಿನಗೆ ಅಕ್ಷರ ಕಲಿಸಿದವರು. "ಜನ್ಮ ತಾರೀಖು ಯಾರಿಗೆ ಗೊತ್ತಿರತೈತ್ರಿ ಈ ಊರಾಗ? ಅರ್ಧ ಊರು ಜೂನ್ ಒಂದಕ್ಕ ಹುಟ್ಟೇತಿ, ನಾನ ಹುಟ್ಟಿಸೇನಿ ಪೆನ್ನಿಲೆ. ಎಲ್ಲಾರಿಗೂ ಒಂದು ಮಾಪ ಬೇಕಲ್ಲ. ನಿಮ್ಮ ಮನಿದಂತ ಬಿಟ್ರ ನಾಳೆ ಊರ ಮಂದಿ ನನ್ನ ಮೈಮ್ಯಾಲ ಬರತಾರ" ಎಂದರು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಮಧುವಿನ ಕೈ ಹಿಡಿದುಕೊಂಡು ಹೊರಡಬೇಕು ಎನ್ನುವಷ್ಟರಲ್ಲಿ ಬಾಗಿಲ ಹೊರಗೆ ಸೆರಗು ಹೊದ್ದು ನಿಂತಿದ್ದ ರಾಚವ್ವ ಒಳಗೆ ಬಂದಳು. ನಮ್ಮ ರಾಚವ್ವ, "ಮತ್ತ ಅಷ್ಟರಿ" ರಾಚವ್ವ.

"ಮಾಸ್ತರ್ರ, ನಮ್ಮೂರ ಸಾಲ್ಯಾಗ ನನಗೂ ಹಿಂಗ ಕಿವಿ ಮುಟ್ಟಿಸಿದ್ರು. ಮುಟ್ಟಲಿಲ್ಲ. ಮುಂದಿನ ವರ್ಷ ಬಾ ಅಂದ್ರು. ಮುಂದಿನ ವರ್ಷನೂ ಮುಟ್ಟಲಿಲ್ಲ. ಆಮ್ಯಾಲೆ ಕೈ ಮುಟ್ಟಿತು ಖರೇ, ಅಷ್ಟೊತ್ತಿಗೆ ನಮ್ಮ ತಮ್ಮನ್ನ ಎತ್ತಿಕೊಂಡು ತಿರಗಾಕ ಮನ್ಯಾಗ ಒಬ್ರು ಬೇಕಾಗಿದ್ರು. ಈಗ ನೋಡ್ರಿ" ಎಂದು ಬಲಗೈ ಎತ್ತಿ ನೆತ್ತಿಯ ಮೇಲಿಂದ ತಂದು ತನ್ನ ಎಡಗಿವಿಯನ್ನು ಹಿಡಿದಳು. ಸೆರಗು ಜಾರಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. "ಈಗ ಚೆಂದಂಗಿ ಮುಟ್ಟತೈತಿ. ಏನ್ ಮಾಡೂದೈತ್ರಿ ಇದನ್ನ ತಗೊಂಡು? ನನ್ನ ಗಂಡಗ ಒಂದು ಕಾಗದ ಬರಿಯಾಕ ನನಗ ಬ್ಯಾರೇದವರ ಕೈ ಬೇಕು."

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಆಮೇಲೆ "ಹುಡುಗಿ ಪೂರಾ ಹೆಸರು ಹೇಳ್ರಿ" ಎಂದರು. ನಾನು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ರಾಚವ್ವನೇ ಹೇಳಿದಳು, ನಿನ್ನ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ. ಗಂಡನ ಹೆಸರನ್ನು ಅವಳ ಬಾಯಲ್ಲಿ ಮೊದಲ ಸಲ ಕೇಳಿದೆ. ಹುಟ್ಟಿದ ತಾರೀಖು ಜೂನ್ ಒಂದಲ್ಲ, ಸರಿಯಾದದ್ದೇ ಬಿತ್ತು.

ಹಾಗೆ ನಿನ್ನ ಮಗಳು ಸಾಲೆಗೆ ಸೇರಿದಳು. ಎಲ್ಲರಿಗಿಂತ ಸಣ್ಣವಳೆಂದು ಮುಂದಿನ ಸಾಲಿನಲ್ಲೇ ಕೂರಿಸಿದ್ದಾರೆ. ಮೊದಲ ದಿನವೇ ಬಂದು, "ಅತ್ತೀ, ಹಾಜರಿ ಅಂದ್ರ ಜೋರಾಗಿ 'ಹಾಂಜ್ರಿ' ಅನ್ನಬೇಕು" ಎಂದು ನನಗೇ ಪಾಠ ಮಾಡಿತು. ದಾರಿಯಲ್ಲಿ ಯಾರಾದರೂ ಕರೆದರೂ ಈಗ ಹಾಗೆಯೇ ಅನ್ನುತ್ತದೆ. ಸಾಲೆಯಿಂದ ಬರುವಾಗ ರಾಚವ್ವನ ನಡಿಗೆ ನೋಡಬೇಕಿತ್ತು, ಪಟ್ಟೆ ಸೀರೆ ಉಟ್ಟವಳ ಹಾಗೆ. ಮನೆ ಮುಟ್ಟಿದ ಮೇಲೆ ಎಮ್ಮೆಯ ಹತ್ತಿರ ಹೋಗಿ ಯಾರಿಗೂ ಕಾಣದ ಹಾಗೆ ಅತ್ತಳು. ಅಳಲಿ ಎಂದು ನಾನು ಆ ಕಡೆ ಹೋಗಲಿಲ್ಲ. ನನಗೂ ಹೆಮ್ಮೆಯಾಯಿತು, ಆ ಹೆಮ್ಮೆಯಲ್ಲೇ ಇಷ್ಟು ಉದ್ದ ಬರೆದೆ.

ನೀನು ಮೈ ನೋಡಿಕೊ. ಅಲ್ಲಿ ಮಳೆ ಹೆಚ್ಚು ಎನ್ನುತ್ತಾರೆ, ಒದ್ದೆ ಬೂಟಿನಲ್ಲಿ ಇರಬೇಡ. ಮುರಗೋಡದ ಮಠಕ್ಕೆ ಹೋದಾಗ ನಿನ್ನ ಹೆಸರಿನಲ್ಲಿ ಕಾಯಿ ಒಡೆಸಿ ಬಂದಿದ್ದೇನೆ. ಮಠದ ಅಜ್ಜನ ದಯೆ ನಿನ್ನನ್ನು ಕಾಯಲಿ, ನೂರು ಕಾಲ ಬಾಳು. ಅವ್ವನ ಆಶೀರ್ವಾದ, ರಾಚವ್ವನ ನಮಸ್ಕಾರ, ಮಧುವಿನ ಹಾಂಜ್ರಿ.

ನಿನ್ನ ಅಕ್ಕ,
ಸಿದ್ದಲಿಂಗವ್ವ

ತಾ.ಕ.: ಮೇಲಿನದೆಲ್ಲ ರಾಚವ್ವನಿಗೆ ಓದಿ ಹೇಳಿದೆ. ತನ್ನ ಮಾತು ಕಾಗದದಲ್ಲಿ ಬಂದದ್ದು ಕೇಳಿ "ಇದನ್ಯಾಕ ಬರದ್ರಿ ಅಕ್ಕಾ" ಎಂದು ನಾಚಿ ಒಳಗೆ ಎದ್ದು ಹೋದಳು. ಇಲ್ಲಿಂದ ಮುಂದಿನದನ್ನು ಅವಳಿಗೆ ಓದುವುದಿಲ್ಲ. ನೀನೂ ಹೇಳಬೇಡ.

ಮಧುವಿನ ಅಳತೆ ನನಗೆ ಅಂದೇ ತಿಳಿದಿತ್ತು. ನಿನ್ನ ಆರು ವರ್ಷದ ಮಗಳು ನಾಲ್ಕು ವರ್ಷದ ಹುಡುಗಿಯಷ್ಟು ಎತ್ತರ ಇದ್ದಾಳೆ. ದಿನಾ ಕಣ್ಣೆದುರಿಗೆ ಇದ್ದದ್ದು, ಓಣಿಯ ಮಕ್ಕಳೆಲ್ಲ ಅಷ್ಟಷ್ಟೇ ಇದ್ದದ್ದು, ಯಾರಿಗೂ ಕಾಣಲಿಲ್ಲ. ಇನ್ನು ಮೇಲೆ ಚೆನ್ನಾಗಿ ಉಣಿಸಿದರೆ ತುಂಬಿಕೊಳ್ಳುತ್ತಾಳಾ ಎಂದು ಡಾಕ್ಟರಬಾಯಿಯನ್ನು ಜೀಪಿನ ಹತ್ತಿರ ನಿಲ್ಲಿಸಿ ಕೇಳಿದೆ. "ಉಣಸ್ರಿ, ಬಿಡಬ್ಯಾಡ್ರಿ, ಸ್ವಲ್ಪ ಬೆಳೀತಾಳ. ಆದರ ಹೊಟ್ಟ್ಯಾಗ ಇದ್ದಾಗ, ಮತ್ತ ಮೊದಲಿನ ಎರಡು ವರ್ಷದಾಗ ಹ್ವಾದದ್ದು ಪೂರಾ ತಿರುಗಿ ಬರೂದು ಕಷ್ಟರಿ" ಎಂದಳು. ಹೊಲ ಇದ್ದ, ಹೈನ ಇದ್ದ ಮನೆ ನಮ್ಮದು. ರಾಚವ್ವ ಮಾತ್ರ ಹೆಸರು ಹಚ್ಚಿದ ದಿನದಿಂದ, ಇನ್ನು ಮಧು ಬೆಳೆಯುತ್ತಾಳೆ ಎಂದೇ ನಂಬಿದ್ದಾಳೆ.

ಇನ್ನೊಂದು. ಮಧು ಹೊಟ್ಟೆಯಲ್ಲಿದ್ದಾಗ ಅವ್ವ ರಾಚವ್ವನಿಗೆ ಹೊತ್ತಿಗೆ ಒಂದೇ ರೊಟ್ಟಿ ಹಾಕುತ್ತಿದ್ದಳು. ಹೆಚ್ಚು ಉಂಡರೆ ಕೂಸು ದೊಡ್ಡದಾಗುತ್ತದೆ, ಹಡೆಯುವುದು ತ್ರಾಸು ಎಂದು. ಕೆಟ್ಟತನ ಅಲ್ಲ, ಅವ್ವನಿಗೆ ಅವಳ ಅತ್ತೆ ಹಾಗೆಯೇ ಹಾಕಿದ್ದು. ಈಗ ಮತ್ತೆ ಅದೇ ಒಂದು ರೊಟ್ಟಿ ಶುರುವಾಗಿದೆ. ನಾನು ಬಾಯಿ ತೆರೆದರೆ "ಹಡದಾಕಿ ನಾನೋ ನೀನೋ?" ಎನ್ನುತ್ತಾಳೆ. ಹಡೆಯದೆ ಗಂಡನ ಮನೆಯಿಂದ ತಿರುಗಿ ಬಂದವಳು ನಾನು, ಅದಕ್ಕೆ ಏನು ಹೇಳಲಿ? ಊರಿನ ತಾಯಂದಿರಿಗೆಲ್ಲ ಉಣ್ಣಿರಿ ಉಣ್ಣಿರಿ ಎಂದು ಹೇಳಿ ಬಂದು ಮನೆಯಲ್ಲಿ ಆ ಒಂದು ರೊಟ್ಟಿ ನೋಡುತ್ತ ಕೂರುತ್ತೇನೆ, ತಮ್ಮಾ. ನನಗೆ ಸಾಕಾಗಿದೆ. ಅವ್ವ ಕೇಳುವುದಿದ್ದರೆ ನಿನ್ನ ಮಾತು ಒಂದೇ. ಪಲ್ಟಣಿನ ಡಾಕ್ಟರು ಹೀಗೆ ಹೇಳಿದರು, ಬಸುರಿಗೆ ಎರಡು ರೊಟ್ಟಿ ಹೆಚ್ಚು ಹಾಕಬೇಕು, ದಿನಾ ಹಾಲು ಕೊಡಬೇಕು ಎಂದು ಅವ್ವನ ಹೆಸರಿಗೆ ಬೇರೆ ಕಾಗದ ಬರೆ. ಓದಿ ಹೇಳುವವಳು ನಾನೇ, ನಾನು ಹೇಳಿಕೊಟ್ಟದ್ದೆಂದು ಕಾಣಿಸದ ಹಾಗೆ ಬರೆ. ಬೇಗ ಬರೆ. ಹೊಟ್ಟೆಯಲ್ಲಿರುವುದಕ್ಕೆ ಇನ್ನೂ ಹೊತ್ತಿದೆ.

ಪಂಚಮಿಗೆ ರಜೆ ಸಿಕ್ಕರೆ ಮಧುವಿಗೆ ಅಲ್ಲಿಂದಲೇ ಫ್ರಾಕು ತರುತ್ತೇನೆ ಎಂದು ಬರೆದಿದ್ದೀ. ಅಂಗಡಿಯವನು ಎಷ್ಟು ವರ್ಷದ ಹುಡುಗಿ ಎಂದು ಕೇಳುತ್ತಾನೆ. ನಾಲ್ಕು ಎಂದು ಹೇಳು.